ಮುದಿಮರದ ಮೋಹ: ಆಶ್ ಹಲಗೆಗಳನ್ನು ಕುರಿತ ಕೆಲವು ಮಿಥ್ಯೆಗಳು

ಅಮೆರಿಕದ ಮಿಷಿಗನ್ ಸೀಮೆಯಲ್ಲಿ ನೆಲಸಿರುವ ನನ್ನ ಸೋದರಳಿಯನು, ನೆರೆಯ ರೈತನೊಬ್ಬನು ಕೆಡಹಿಸಿದ ಹಳೆಯ ಕೊಟ್ಟಿಗೆಯ ಹಲಗೆಗಳನ್ನು ಅಗ್ಗಕ್ಕೆ ಕೊಂಡು ತಂದು, ಅವು ಆಶ್ ಮರದವೆಂದು ತಿಳಿದುಕೊಂಡ ಮೇಲೆ, "ಮಾವ, ಇವುಗಳಿಂದ ಏನು ಮಾಡಿದರೆ ಚೆನ್ನು?" ಎಂದು ಕೇಳಿ ದೀರ್ಘವಾದ ಪತ್ರವೊಂದನ್ನು ಬರೆದನು. ನಾನು ವೃತ್ತಿಯಿಂದ ಬಡಗಿಯಲ್ಲ. ನಿವೃತ್ತನಾದಂದಿನಿಂದ ಉಳಿ ಹತ್ತರಿಗಳೊಡನೆ ಕಾಲ ಕಳೆಯುವ ಹವ್ಯಾಸಿ ಮಾತ್ರ. ಪತ್ರದಲ್ಲಿದ್ದ ಪ್ರಶ್ನೆ ಒಂದೇ ಆದರೂ ಅದರ ಸುತ್ತ ಹೆಣೆದಿದ್ದ ನಂಬಿಕೆಗಳು ಹಲವು. ಅವು ಅವನೊಬ್ಬನವಾಗಿರದೆ ಹಳೆಯ ಮರವನ್ನು ಮೋಹಿಸುವ ಬಹುಮಂದಿಗೆ ಸಾಮಾನ್ಯವಾದುವಾದ ಕಾರಣ, ನಾನು ಬರೆದ ಉತ್ತರವನ್ನು ಕೊಂಚ ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇನೆ.

ಮೊದಲನೆಯದು ಹೆಸರಿನ ಗೊಂದಲ. ಇಂಗ್ಲಿಷಿನ 'ಆಶ್' ಎಂಬ ಶಬ್ದಕ್ಕೆ ಬೂದಿಯೆಂಬ ಅರ್ಥವೂ ಇರುವುದರಿಂದ, ಬಣ್ಣ ಬೂದಿಯಂತಿರುವುದರಿಂದಲೇ ಈ ಮರಕ್ಕೆ ಆ ಹೆಸರು ಬಂದಿತೆಂದು ಭಾವಿಸಿ ಅದನ್ನು 'ಬೂದಿಮರ'ವೆಂದು ಕರೆಯುವವರುಂಟು. ಇವೆರಡೂ ಬೇರೆ ಬೇರೆ ಮೂಲದ ಶಬ್ದಗಳು. ಕಾಲಾಂತರದಲ್ಲಿ ಸವೆದು ಒಂದೇ ಉಚ್ಚಾರಣೆಗೆ ಬಂದು ನಿಂತಿವೆ. ಹಳೆಯ ಇಂಗ್ಲಿಷಿನಲ್ಲಿ ಈ ಮರದ ಹೆಸರು ಭರ್ಜಿಗೂ ಸಲ್ಲುತ್ತಿದ್ದಿತು, ಏಕೆಂದರೆ ಭರ್ಜಿಯ ಕೋಲು ಈ ಮರದ್ದೇ ಆಗಿರುತ್ತಿದ್ದಿತು. ಆಶ್ ಎಂಬ ಹೆಸರು ಹೊತ್ತವೆಲ್ಲವೂ ಆಶ್ ಅಲ್ಲ: ಆಸ್ಟ್ರೇಲಿಯದ 'ಮೌಂಟನ್ ಆಶ್' ನೀಲಗಿರಿ ಮರದ ಜಾತಿಯದು, ಯೂರೋಪಿನಲ್ಲಿ ಅದೇ ಹೆಸರಿನಿಂದ ಕರೆಯುವ ರೋವನ್ ಗುಲಾಬಿಯ ಕುಟುಂಬದ್ದು. ನಿಜವಾದ ಆಶ್ ಮರವು ಆಲಿವ್ ಕುಟುಂಬಕ್ಕೆ ಸೇರಿದೆ. ನಮ್ಮ ಮಲ್ಲಿಗೆಯೂ ಪಾರಿಜಾತವೂ ಅದೇ ಕುಟುಂಬದ ಬಳ್ಳಿ ಗಿಡಗಳೆಂದು ತಿಳಿಸಿದಾಗ, ಕೊಟ್ಟಿಗೆಯ ಹಲಗೆಗಳ ಮೇಲೆ ಅವನ ತಾಯಿಗೆ ಇದ್ದಕ್ಕಿದ್ದಂತೆ ವಾತ್ಸಲ್ಯ ಮೂಡಿತಂತೆ.

ಎರಡನೆಯ ನಂಬಿಕೆ ಭಯದಿಂದ ಹುಟ್ಟಿದುದು. ಪೂರ್ವ ಏಷ್ಯದ ಮೂಲದ ಹಸಿರುಮೈಯ ಒಂದು ದುಂಬಿ, 2002ರಲ್ಲಿ ಡೆಟ್ರಾಯಿಟ್ ನಗರದ ಆಸುಪಾಸಿನಲ್ಲಿ ಮೊದಲು ಗುರುತಿಸಲ್ಪಟ್ಟ ನಂತರ, ಉತ್ತರ ಅಮೆರಿಕದ ಕೋಟ್ಯಂತರ ಆಶ್ ಮರಗಳನ್ನು ಬಲಿ ತೆಗೆದುಕೊಂಡಿದೆ. ಅಂದಿನಿಂದ ಆಶ್ ಎಂದೊಡನೆ 'ಹುಳು ತಿಂದ ಮರ' ಎಂದು ಮೂಗು ಮುರಿಯುವುದು ಅಲ್ಲಿ ವಾಡಿಕೆಯಾಗಿದೆ. ಆದರೆ ಆ ದುಂಬಿಯ ಮರಿಹುಳು ತಿನ್ನುವುದು ತೊಗಟೆಯ ಒಳಪದರವನ್ನು. ಅದು ಅಂಕುಡೊಂಕಾಗಿ ಕೊರೆದುಕೊಂಡು ಹೋಗುವಾಗ ಆಹಾರರಸದ ಸಂಚಾರ ಕಡಿದು ಮರ ಸಾಯುತ್ತದೆಯೇ ಹೊರತು, ದಾರುವಿನ ಮೇಲ್ಮೈಯಲ್ಲಿ ಗೀರುಗಳಾಗುವುದನ್ನು ಬಿಟ್ಟರೆ ಒಳಗಿನ ಮರಕ್ಕೆ ಅದರಿಂದ ಹೆಚ್ಚಿನ ಹಾನಿಯಿಲ್ಲ. ತೊಗಟೆ ಕಳೆದು ಒಣಗಿದ ಹಲಗೆಯ ಗೋಜಿಗೆ ಅದು ಮತ್ತೆ ಬರುವುದೂ ಇಲ್ಲ. ಸತ್ತ ಮರವನ್ನು ವರ್ಷಗಟ್ಟಲೆ ನಿಂತಲ್ಲಿಯೇ ಬಿಟ್ಟರೆ ಅದು ಬಹುಬೇಗ ಪೆಡಸಾಗಿ ಕಡಿಯುವವರ ಪ್ರಾಣಕ್ಕೇ ಸಂಚಕಾರ ತರುವುದೇನೋ ನಿಜ. ಸಕಾಲದಲ್ಲಿ ಕಡಿದುದು ಒಳ್ಳೆಯ ಮರಮುಟ್ಟೇ. ಹೆದರಬೇಕಾದುದು ಬೇರೊಂದಕ್ಕೆ, ನಮ್ಮವರು ಕುಟ್ಟೆಯೆಂದು ಕರೆಯುವ ಸಣ್ಣ ಹುಳುವಿಗೆ. ತೊಗಟೆಯ ಕೆಳಗಣ ಬಿಳಿ ಭಾಗದಲ್ಲಿ ಪಿಷ್ಟವಿರುವ, ದೊಡ್ಡ ರಂಧ್ರಗಳುಳ್ಳ ಆಶ್‌ನಂತಹ ಮರವೆಂದರೆ ಅದಕ್ಕೆ ಹಬ್ಬ. ಒಣಗಿದ ಹಲಗೆಯಲ್ಲಿ ಗುಂಡುಸೂಜಿಯ ತಲೆಯಷ್ಟು ದುಂಡು ತೂತುಗಳೂ, ತಟ್ಟಿದರೆ ಉದುರುವ ಮೈದಾಹಿಟ್ಟಿನಂತಹ ಪುಡಿಯೂ ಕಂಡರೆ, ಒಣಗಿಸುವ ಗೂಡಿನಲ್ಲಿ ಚೆನ್ನಾಗಿ ಕಾಯಿಸದೆ ಅಂಥದನ್ನು ಮನೆಯೊಳಕ್ಕೆ ತರಲಾಗದು.

ಇನ್ನು ಪತ್ರದಲ್ಲಿ ಅಳಿಯನು ಅತ್ಯಂತ ಹೆಮ್ಮೆಯಿಂದ ಬರೆದಿದ್ದ ಮಾತಿಗೆ ಬರುತ್ತೇನೆ: "ಉಂಗುರಗಳು ಎಷ್ಟು ಒತ್ತಾಗಿವೆಯೆಂದರೆ ಎಣಿಸಲಾಗದು, ಹಳೆಯ ಕಾಡಿನ ಮರ, ಕಬ್ಬಿಣದಂತಿರಬೇಕು." ನಿಧಾನವಾಗಿ ಬೆಳೆದ ಮರ ಗಟ್ಟಿಯೆಂಬ ಈ ನಂಬಿಕೆ ಪೈನ್ ಮೊದಲಾದ ಸೂಚಿಪರ್ಣಿ ಮರಗಳ ಮಟ್ಟಿಗೆ ಬಹುಮಟ್ಟಿಗೆ ನಿಜ, ಆಶ್‌ನ ಮಟ್ಟಿಗೆ ಅದು ತಲೆಕೆಳಗು. ಆಶ್ ಮರವು ಪ್ರತಿ ವಸಂತದಲ್ಲಿಯೂ ನೀರನ್ನು ಏರಿಸಲೆಂದು ಬರಿಗಣ್ಣಿಗೆ ಕಾಣುವಷ್ಟು ದೊಡ್ಡ ಕೊಳವೆಗಳ ಸಾಲೊಂದನ್ನು ಕಟ್ಟಿಕೊಳ್ಳುತ್ತದೆ. ಬೇಸಗೆಯಲ್ಲಿ ಅದರ ಹೊರಗೆ ದಟ್ಟವಾದ ನಾರಿನ ಪಟ್ಟಿ ಬೆಳೆಯುತ್ತದೆ. ಬಲವೆಂಬುದೆಲ್ಲ ಈ ಎರಡನೆಯ ಪಟ್ಟಿಯದು. ವರ್ಷ ಸಮೃದ್ಧವಾಗಿರಲಿ ಕ್ಷಾಮವಾಗಿರಲಿ, ಕೊಳವೆಗಳ ಸಾಲಿನ ಅಗಲ ಹೆಚ್ಚುಕಡಮೆ ಒಂದೇ. ಏರುಪೇರಾಗುವುದು ನಾರಿನ ಪಟ್ಟಿ. ಕೊಳವೆಗಳ ಸಾಲು ಅರ್ಧ ಮಿಲಿಮೀಟರ್ ಇದೆಯೆಂದು ಇಟ್ಟುಕೊಳ್ಳೋಣ. ಉಂಗುರದ ಅಗಲ 3 ಮಿಲಿಮೀಟರ್ ಆದರೆ ಅದರಲ್ಲಿ ಟೊಳ್ಳು ಭಾಗ ಆರರಲ್ಲೊಂದು ಪಾಲು. ಉಂಗುರ 1 ಮಿಲಿಮೀಟರಿಗೆ ಕುಗ್ಗಿದರೆ ಅರ್ಧಕ್ಕರ್ಧ. ಹೀಗಾಗಿ ದಟ್ಟ ನೆರಳಿನಲ್ಲಿ ಹಸಿದು ಬೆಳೆದ ಪುರಾತನ ವೃಕ್ಷದ ಹಲಗೆಗಿಂತ, ಬೇಲಿಯ ಸಾಲಿನಲ್ಲಿ ಬಿಸಿಲುಂಡು ಸರಸರನೆ ಬೆಳೆದ ಎಳೆಮರದ ಹಲಗೆಯೇ ಕೊಡಲಿಯ ಕಾವಿಗೆ ಶ್ರೇಷ್ಠ. ಹಾಗಾದರೆ ಒತ್ತುಂಗುರದ ಹಲಗೆ ವ್ಯರ್ಥವೇ? ಖಂಡಿತ ಅಲ್ಲ. ಅದು ಹಗುರ, ಹತ್ತರಿಗೆ ಮೃದು. ಪೆಟ್ಟಿಗೆ, ತಟ್ಟೆ, ಕಪಾಟಿನ ಬಾಗಿಲು ಮುಂತಾದ ಪೆಟ್ಟು ಬೀಳದ ವಸ್ತುಗಳಿಗೆ ಸೊಗಸಾದ ದ್ರವ್ಯ. ಹಲಗೆಯ ತುದಿಯನ್ನು ಹರಿತವಾದ ಉಳಿಯಿಂದ ನುಣುಪಾಗಿ ಕೆತ್ತಿ ಭೂತಗನ್ನಡಿಯಲ್ಲಿ ನೋಡಿದರೆ ಯಾವುದು ಯಾವ ಕೆಲಸಕ್ಕೆಂಬುದು ತಾನಾಗಿಯೇ ತಿಳಿಯುತ್ತದೆ.

ನೂರು ವರ್ಷ ಒಣಗಿದ ಮರ ಇನ್ನು ಮಿಸುಕದೆಂಬ ನಂಬಿಕೆಯೂ ಇಂತಹುದೇ. ಮರವು ಸತ್ತರೂ ಗಾಳಿಯ ತೇವದೊಡನೆ ಅದರ ವ್ಯವಹಾರ ನಿಲ್ಲುವುದಿಲ್ಲ. ಅಮೆರಿಕದ ಬಿಳಿ ಆಶ್ ಹಸಿಯ ಸ್ಥಿತಿಯಿಂದ ಪೂರ್ಣ ಒಣಗುವಷ್ಟರಲ್ಲಿ ಉಂಗುರಗಳ ಗುಂಟ ಶೇಕಡಾ 7.8ರಷ್ಟೂ, ಉಂಗುರಗಳಿಗೆ ಅಡ್ಡಲಾಗಿ ಶೇಕಡಾ 4.9ರಷ್ಟೂ ಕುಗ್ಗುತ್ತದೆ. ಬೆಂಕಿ ಕಾಯಿಸಿದ ಚಳಿಗಾಲದ ಕೋಣೆಗೂ ಮುಸುಕಿದ ಬೇಸಗೆಗೂ ನಡುವೆ ಮರದ ತೇವಾಂಶದಲ್ಲಿ ಶೇಕಡಾ 5ರಷ್ಟು ಅಂತರವಾದರೆ, ಮಟ್ಟಸವಾಗಿ ಕೊಯ್ದ ಒಂದು ಅಡಿ ಅಗಲದ ಹಲಗೆ ಸುಮಾರು 4 ಮಿಲಿಮೀಟರಿನಷ್ಟು ಹಿಗ್ಗಿ ಕುಗ್ಗುತ್ತದೆ. ಮೂರಡಿಯ ಮೇಜಿನ ಮೈಯನ್ನು ಅಲುಗಾಡದಂತೆ ಬಿಗಿದರೆ ಅದು ಸೀಳುವುದಕ್ಕೆ ಪೂರ್ವಾಶ್ರಮದ ಕೊಟ್ಟಿಗೆಯ ತಪಸ್ಸು ಅಡ್ಡಬರಲಾರದು. ತಿರುಪಿನ ರಂಧ್ರಗಳನ್ನು ಉದ್ದುದ್ದವಾಗಿ ಕೊರೆದು ಜಾರಲು ಎಡೆಗೊಡಬೇಕು.

ಆಶ್ ಮರ ಹಬೆಗೆ ಮಣಿದು ಬಾಗುವುದರಲ್ಲಿ ಪ್ರಸಿದ್ಧ. ಇಂಗ್ಲೆಂಡಿನ ವಿಂಡ್ಸರ್ ಕುರ್ಚಿಗಳ ಕಮಾನುಬೆನ್ನನ್ನು ನೋಡಿದವರು ಅದನ್ನು ಒಪ್ಪಿಯೇ ಒಪ್ಪುತ್ತಾರೆ. ಆದರೆ ಆ ಗುಣ ಹಸಿಯ ಅಥವಾ ಗಾಳಿಯಲ್ಲಿ ಅರೆ ಒಣಗಿದ ಮರದ್ದು. ದಶಕಗಳ ಕಾಲ ಒಣಗಿದ, ಅದರಲ್ಲಿಯೂ ಗೂಡಿನಲ್ಲಿ ಕಾಯಿಸಿದ ಹಲಗೆಯನ್ನು ಬಾಗಿಸಹೊರಟರೆ ಕಮಾನಿಗೆ ಬದಲಾಗಿ ಸಿಬಿರು ಕೈಗೆ ಬರುವುದು. ಬಾಗು ಬೇಕೇ ಬೇಕೆಂದರೆ ತೆಳ್ಳನೆಯ ಪಟ್ಟಿಗಳನ್ನು ಸೀಳಿ, ಅಚ್ಚಿನ ಮೇಲೆ ಒಂದರ ಮೇಲೊಂದು ಅಂಟಿಸತಕ್ಕದ್ದು.

ಗಟ್ಟಿಯಾದುದು ಬಾಳಿಕೆಯದೂ ಹೌದೆಂದು ಎಣಿಸಿ ತೋಟದ ಬೆಂಚನ್ನು ಮಾಡಹೊರಟಿದ್ದ ಅಳಿಯನನ್ನು ಸಕಾಲದಲ್ಲಿ ತಡೆದೆನೆಂಬ ತೃಪ್ತಿ ನನಗಿದೆ. ನೆಲದ ತೇವ ತಗಲಿದರೆ ಆಶ್ ಬೇಗನೆ ಕೊಳೆಯುವ ಮರಗಳ ಸಾಲಿಗೆ ಸೇರುತ್ತದೆ. ತೇಗದ ಚೇಗಿನಲ್ಲಿರುವ ರಕ್ಷಣೆ ಅದಕ್ಕಿಲ್ಲ. ಇಷ್ಟು ಕಾಲ ಕೊಟ್ಟಿಗೆಯ ಹಲಗೆಗಳು ಉಳಿದಿದ್ದುದು ಸೂರಿನ ಕೆಳಗಿದ್ದುದರಿಂದ. 200 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಉಗಿಯೊಡನೆ ಕಾಯಿಸಿ ಕಂದುಬಣ್ಣಕ್ಕೆ ತಿರುಗಿಸಿದ ಆಶ್ ಹೊರಗೂ ಬಾಳುತ್ತದೆ, ಆದರೆ ಆ ಉಪಚಾರದಲ್ಲಿ ಮರ ಕೊಂಚ ಪೆಡಸಾಗುತ್ತದೆ, ಮನೆಯಲ್ಲಿ ಮಾಡುವ ಕೆಲಸವೂ ಅದಲ್ಲ.

ಮೊಳೆಗಳ ವಿಷಯ ಹೇಳಬೇಕಾದುದೇನೂ ಹೆಚ್ಚಿಲ್ಲ: ಕಂಡವನ್ನೆಲ್ಲ ಕಿತ್ತ ಮೇಲೂ ಕಾಣದವು ಉಳಿದಿರುತ್ತವೆ, ಲೋಹಶೋಧಕವಿಲ್ಲದೆ ಗರಗಸ ಹಚ್ಚಬಾರದು. ಮೊಳೆಯ ಸುತ್ತ ಕಪ್ಪುನೀಲಿಯ ಕಲೆ ಗಾಢವಾಗಿ ಹಬ್ಬಿದ್ದರೆ ಅದು ಓಕ್ ಆಗಿರುವ ಸಂಭವವೇ ಹೆಚ್ಚು, ಏಕೆಂದರೆ ಕಬ್ಬಿಣದೊಡನೆ ಕಪ್ಪಾಗುವ ಒಗರು ಆಶ್‌ನಲ್ಲಿ ಅಲ್ಪ. ಬಣ್ಣ ಬಳಿದ ಹಲಗೆಯನ್ನು ಮಾತ್ರ ಉಜ್ಜುವ ಮುನ್ನ ಸೀಸವಿದೆಯೇ ಎಂದು ಪರೀಕ್ಷಿಸಲೇಬೇಕು. ಮನೆಬಳಕೆಯ ಸೀಸದ ಬಣ್ಣ ಅಮೆರಿಕದಲ್ಲಿ ನಿಷಿದ್ಧವಾದುದು 1978ರಲ್ಲಿ, ಕೊಟ್ಟಿಗೆ ಅದಕ್ಕಿಂತ ಬಹಳ ಹಿಂದಿನದು.

ಇಷ್ಟಾದ ಮೇಲೆ ಏನು ಮಾಡಬಹುದು? ಆಶ್‌ನ ಹುಟ್ಟುಗುಣ ಪೆಟ್ಟನ್ನು ಸಹಿಸುವುದು. ಇಂಗ್ಲೆಂಡಿನ ಸರ್ರೆಯ ಫಾರ್ನಮ್ ಊರಿನಲ್ಲಿ ತಂದೆಯ ಬಂಡಿಗಾಲಿಯ ಕಾರ್ಖಾನೆಯನ್ನು ನಡೆಸಿದ ಜಾರ್ಜ್ ಸ್ಟರ್ಟ್ ತನ್ನ ಅನುಭವಗಳನ್ನು 1923ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಅಂತಹ ಕಾರ್ಖಾನೆಗಳಲ್ಲಿ ಚಕ್ರದ ನಾಭಿಗೆ ಎಲ್ಮ್, ಅರಗಳಿಗೆ ಓಕ್, ನೆಲದ ಏಟನ್ನು ಉಣ್ಣುವ ನೇಮಿಗೆ ಆಶ್ ಎಂಬುದು ರೂಢಿ. ಮಾಲ್ವರ್ನ್‌ನಲ್ಲಿ ತಯಾರಾಗುವ ಮಾರ್ಗನ್ ಕಾರುಗಳ ಮೈಯೊಳಗಣ ಹಂದರವೂ ಆಶ್‌ನದು. ಅಡಿಗಟ್ಟೇ ಮರದ್ದೆಂದು ಜನ ಹೇಳುವುದುಂಟು, ಅದು ಲೋಹದ್ದು. ಆದುದರಿಂದ ಅಗಲ ಉಂಗುರದ ನೇರ ಎಳೆಯ ಹಲಗೆಗಳನ್ನು ಕಾಲುಮಣೆ, ಕುರ್ಚಿಯ ಕಾಲು, ಕೊಡತಿ, ಸುತ್ತಿಗೆಯ ಹಿಡಿ ಇವಕ್ಕೆ ಎತ್ತಿಡುವುದು, ಒತ್ತುಂಗುರದವನ್ನು ಪೆಟ್ಟಿಗೆಗಳಿಗೆ. ಎಳೆ ನೇರವಾಗಿದೆಯೇ ಎಂಬ ಸಂಶಯ ಬಂದರೆ ಗರಗಸವನ್ನು ನಂಬದೆ, ತುಂಡಿನ ತುದಿಗೆ ಕೊಡಲಿಯಿಟ್ಟು ಸೀಳಿ ನೋಡುವುದು.

ಅಳಿಯನು ಹಾಗೆಯೇ ಮಾಡಿದನೆಂದು ಮೊನ್ನೆ ಬಂದ ಪತ್ರದಿಂದ ತಿಳಿಯಿತು. ಎರಡು ಮಣೆ, ಒಂದು ಕೊಡತಿ, ತಾಯಿಯ ಬಳೆಗಳಿಗೆಂದು ಒಂದು ಪೆಟ್ಟಿಗೆ ಆಗಿವೆ. ಸೀಳಿದಾಗ ನೆಟ್ಟಗೆ ಬಂದ ಒಂದು ತುಂಡು ಉಳಿದಿತ್ತಂತೆ. ಕ್ರಿಕೆಟ್ಟಿನ ವಿಕೆಟ್ ಕೋಲುಗಳಿಗೆ ಆಶ್ ವಾಡಿಕೆಯ ಮರವೆಂದು ನಾನು ಹಿಂದೆ ಬರೆದಿದ್ದುದನ್ನು ನೆನಪಿಟ್ಟುಕೊಂಡು, ಅದರಿಂದ 28 ಅಂಗುಲ ಎತ್ತರಕ್ಕೆ ಮೂರು ಕೋಲುಗಳನ್ನು ದುಂಡಗೆ ಕೆತ್ತಿ ಹಿತ್ತಲಿನಲ್ಲಿ ನೆಟ್ಟಿದ್ದಾನೆ. ಸಂಜೆಯಾದೊಡನೆ ಅವನ್ನು ಕಿತ್ತು ಒಳಗಿಡುತ್ತಿದ್ದಾನಂತೆ.