ಹೊಗೆಯ ಲೆಕ್ಕ, ಹಸುವಿನ ಲೆಕ್ಕ: ಆಫ್ರಿಕಾದ ಎರಡು ದೇಶಗಳು

ಹವಾಮಾನದ ಸುದ್ದಿ ಬಂದಾಗಲೆಲ್ಲ ಹಸಿರುಮನೆ ಅನಿಲಗಳಲ್ಲಿ ಆ ದೇಶದ ಪಾಲು ಇಷ್ಟು, ಈ ದೇಶದ್ದು ಇಷ್ಟು ಎಂದು ಓದುತ್ತೇವೆ. ಈ ಪಾಲು ಎನ್ನುವುದು ಯಾವುದನ್ನು ಎಣಿಸುತ್ತೇವೆ ಎಂಬುದರ ಮೇಲೆ ನಿಂತಿದೆ. ದಕ್ಷಿಣ ಆಫ್ರಿಕಾವನ್ನೂ ಇಥಿಯೋಪಿಯವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ದಕ್ಷಿಣ ಆಫ್ರಿಕಾದ ಜನಸಂಖ್ಯೆ ಸುಮಾರು 6 ಕೋಟಿ. ಅಲ್ಲಿನ ವಿದ್ಯುತ್ತಿನಲ್ಲಿ ಶೇ. 80ರಷ್ಟು ಕಲ್ಲಿದ್ದಲಿನಿಂದ ಬರುತ್ತದೆ. ಗಣಿಗಳೂ ವಿದ್ಯುತ್ ಸ್ಥಾವರಗಳೂ ಬಹುಪಾಲು ಎಂಪುಮಲಂಗಾ ಪ್ರಾಂತದಲ್ಲಿವೆ. ಅಲ್ಲಿನ ಸೆಕುಂಡಾದಲ್ಲಿ ಕಲ್ಲಿದ್ದಲಿನಿಂದಲೇ ಪೆಟ್ರೋಲು, ಡೀಸೆಲ್ಲು ತಯಾರಿಸುವ ಸಾಸೋಲ್ ಕಾರ್ಖಾನೆ ಇದೆ. ಒಂದೇ ಜಾಗದಿಂದ ಜಗತ್ತಿನಲ್ಲೇ ಅತಿ ಹೆಚ್ಚು ಹಸಿರುಮನೆ ಅನಿಲ ಹೊರಬೀಳುವುದು ಇಲ್ಲಿಂದ ಎಂದು ಹೇಳುತ್ತಾರೆ. ವರ್ಣಭೇದದ ಕಾಲದಲ್ಲಿ ಹೊರಗಿನ ತೈಲವನ್ನು ನಂಬಿ ಕೂರಲಾಗದ ಸರ್ಕಾರ ಹಿಡಿದ ದಾರಿ ಅದು.

ಇಥಿಯೋಪಿಯದ್ದು ಬೇರೆಯೇ ಕಥೆ. 12 ಕೋಟಿಗೂ ಮೀರಿದ ಜನ. ವಿದ್ಯುತ್ತೆಲ್ಲ ಹೆಚ್ಚುಕಡಿಮೆ ಜಲಾಶಯಗಳಿಂದ. ಆದರೆ ಅರ್ಧಕ್ಕರ್ಧ ಜನರ ಮನೆಗೆ ಕರೆಂಟೇ ಇಲ್ಲ, ಒಲೆಗೆ ಸೌದೆಯೇ ಗತಿ.

ಕಲ್ಲಿದ್ದಲು, ತೈಲ, ಅನಿಲ ಉರಿಸಿದ್ದರಿಂದ ಬಂದ ಇಂಗಾಲದ ಡೈಆಕ್ಸೈಡನ್ನು ಮಾತ್ರ ಎಣಿಸಿ ನೋಡಿ. ದಕ್ಷಿಣ ಆಫ್ರಿಕಾದ್ದು ವರ್ಷಕ್ಕೆ ಸುಮಾರು 40 ಕೋಟಿ ಟನ್, ಅಂದರೆ ಜಗತ್ತಿನ ಶೇ. 1ರಷ್ಟು. ಇಥಿಯೋಪಿಯದ್ದು 2 ಕೋಟಿ ಟನ್ನಿನ ಆಸುಪಾಸು. ವ್ಯತ್ಯಾಸ ಇಪ್ಪತ್ತು ಪಟ್ಟು! ತಲಾ ಲೆಕ್ಕ ಹಾಕಿದರೆ ಸುಮಾರು ನಲವತ್ತು ಪಟ್ಟು.

ಈಗ ದನಕರುಗಳನ್ನೂ ಕಾಡನ್ನೂ ಲೆಕ್ಕಕ್ಕೆ ಸೇರಿಸೋಣ. ಆಫ್ರಿಕಾದಲ್ಲಿ ಅತಿ ಹೆಚ್ಚು ದನಗಳಿರುವ ದೇಶ ಇಥಿಯೋಪಿಯ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಮೇವು ಹುದುಗುವಾಗ ಮೀಥೇನ್ ಹುಟ್ಟುತ್ತದೆ; ತೇಗಿದಾಗ ಅದು ಹೊರಬರುತ್ತದೆ. ನೂರು ವರ್ಷಗಳ ಅವಧಿಗೆ ನೋಡಿದರೆ ಒಂದು ಟನ್ ಮೀಥೇನ್ ಸುಮಾರು 28 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಕಾಡು ಕಡಿದದ್ದೂ ಇದಕ್ಕೆ ಸೇರುತ್ತದೆ. ಹೀಗೆ ಎಲ್ಲವನ್ನೂ ಕೂಡಿಸಿ ಇಥಿಯೋಪಿಯ 2021ರಲ್ಲಿ ವಿಶ್ವಸಂಸ್ಥೆಗೆ ಕೊಟ್ಟ ದಾಖಲೆಯಲ್ಲಿ 2010ರ ಮೊತ್ತ 24.7 ಕೋಟಿ ಟನ್ ಎಂದಿದೆ. ಆ ದಶಕದಲ್ಲಿ ದಕ್ಷಿಣ ಆಫ್ರಿಕಾದ ಒಟ್ಟು ಮೊತ್ತ 50 ಕೋಟಿ ಟನ್ನಿನ ಸುತ್ತಮುತ್ತ. ಇಪ್ಪತ್ತು ಪಟ್ಟಿನ ಅಂತರ ಎರಡು ಪಟ್ಟಿಗೆ ಇಳಿಯಿತು.

ಎರಡೂ ಲೆಕ್ಕ ಸುಳ್ಳಲ್ಲ. ಆದರೆ ಕಾರ್ಖಾನೆಯ ಚಿಮಣಿಯನ್ನೂ ಬಡವನ ಕೊಟ್ಟಿಗೆಯನ್ನೂ ಒಂದೇ ಟನ್ನಿನಲ್ಲಿ ತೂಗುವಾಗ ಸ್ವಲ್ಪ ಎಚ್ಚರ ಬೇಕು ಎನ್ನುವುದು ನನ್ನ ಅಭಿಪ್ರಾಯ. 2020ರಿಂದ ಸತತವಾಗಿ ಐದು ಮಳೆಗಾಲ ಕೈಕೊಟ್ಟಾಗ ಇಥಿಯೋಪಿಯದ ದಕ್ಷಿಣದ ಬೊರೆನಾ ಸೀಮೆಯಲ್ಲಿ ಜಾನುವಾರು ಲಕ್ಷಗಟ್ಟಲೆ ಸತ್ತವು. ದನ ಹೋದರೆ ಅಲ್ಲಿನ ಕುಟುಂಬಕ್ಕೆ ಹಾಲೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ.

ಪರಿಹಾರದ ದಾರಿಗಳೂ ಬೇರೆಬೇರೆ. ಕಲ್ಲಿದ್ದಲಿನಿಂದ ಹೊರಬರಲು ದಕ್ಷಿಣ ಆಫ್ರಿಕಾಕ್ಕೆ 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ಶ್ರೀಮಂತ ದೇಶಗಳು 850 ಕೋಟಿ ಡಾಲರ್ ಘೋಷಿಸಿದವು, ಹೆಚ್ಚಿನದು ಸಾಲವೇ. 2022ರಲ್ಲಿ ಕೊಮಾಟಿ ಸ್ಥಾವರ ನಿಂತಿತು. ಅದನ್ನೇ ನಂಬಿದ್ದ ಊರಿನವರು ಮುಂದಿನ ಕೆಲಸ ಎಲ್ಲಿ ಎಂದು ಕೇಳುತ್ತಿದ್ದಾರೆ. ಇಥಿಯೋಪಿಯ 2024ರಲ್ಲಿ ಪೆಟ್ರೋಲು, ಡೀಸೆಲ್ ಕಾರುಗಳ ಆಮದನ್ನೇ ನಿಲ್ಲಿಸಿತು. ತೈಲಕ್ಕೆ ಕೊಡಲು ಡಾಲರ್ ಸಾಲದಿದ್ದದ್ದೂ ಅದಕ್ಕೊಂದು ಕಾರಣ.