ಕಲೆಯನ್ನು ಬಲ್ಲೆವೆಂದರೆ ಏನನ್ನು ಬಲ್ಲೆವು?

‘ಬಿದರಿ ಕಲೆಯ ತವರು ಯಾವುದು?’ ಎಂದು ಕೇಳಿ ನಾಲ್ಕು ಊರುಗಳ ಹೆಸರು ಕೊಟ್ಟರೆ, ಯಾಲಾಲಿನ ಶಾಲಾಬಾಲಕನೂ ಬೀದರಿನ ಮುಂದೆ ಗುರುತು ಹಾಕಿಯಾನು. ಪ್ರಶ್ನೆಯಲ್ಲಿಯೇ ಉತ್ತರ ಅಡಗಿದೆ. ಆದರೆ ಬಿದರಿ ಹೂಜಿಯ ಮೈಯೆಲ್ಲ ಕಪ್ಪಾಗಿ, ಅದರ ಮೇಲಿನ ಬೆಳ್ಳಿಯ ಬಳ್ಳಿ ಮಾತ್ರ ಬೆಳ್ಳಗೆ ಉಳಿದದ್ದೇಕೆ ಎಂದು ಕೇಳಿದರೆ ಹಿರಿಯರಾದ ನಾವೂ ತಡವರಿಸುತ್ತೇವೆ. ಮೊದಲನೆಯದು ನೆನಪಿನ ಪರೀಕ್ಷೆ. ಎರಡನೆಯದು ಅರಿವಿನ ಪರೀಕ್ಷೆ.

ಚಿತ್ರಕಲೆಯಲ್ಲಿ ಮುಂದುವರಿಯಬಯಸುವ ಮಕ್ಕಳ ಮುಂದೆ ಹಲವು ಪರೀಕ್ಷೆಗಳಿವೆ. ತೆಲಂಗಾಣದ ಸರ್ಕಾರಿ ಪರೀಕ್ಷಾ ಇಲಾಖೆಯ ಲೋಯರ್ ಮತ್ತು ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳು ಮುಖ್ಯವಾಗಿ ಕೈಯ ಹಿಡಿತವನ್ನು ಅಳೆಯುತ್ತವೆ. ಕಾಲೇಜು ಅಧ್ಯಾಪಕರಾಗಲು ಬರೆಯುವ ಯುಜಿಸಿ-ನೆಟ್‌ನ ದೃಶ್ಯಕಲೆ ವಿಷಯದಲ್ಲಾದರೋ ಕುಂಚಕ್ಕೆ ಕೆಲಸವೇ ಇಲ್ಲ. ಎರಡನೆಯ ಪತ್ರಿಕೆಯಲ್ಲಿ 100 ಪ್ರಶ್ನೆ, 200 ಅಂಕ. ತಂತ್ರ, ಇತಿಹಾಸ, ವಿಮರ್ಶೆಗಳ ತಿಳಿವಳಿಕೆಯೇ ಅಲ್ಲಿ ಬಂಡವಾಳ. ಪ್ರಶ್ನೆಗಳಿರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ.

ಕನ್ನಡದಲ್ಲಿ ಕಲಿತ ಮಗು ಅಲ್ಲಿ ಹಿಂದೆ ಬೀಳದೇ ಎಂಬ ಪಾಲಕರ ಆತಂಕ ಸಹಜವಾದದ್ದು. ಆದರೆ ಪಾರಿಭಾಷಿಕ ಪದವೊಂದನ್ನು ಒಂದು ದಿನದಲ್ಲಿ ಕಲಿಯಬಹುದು. ಪದದ ಹಿಂದಿರುವ ವಸ್ತುವನ್ನು ನೋಡಬಲ್ಲ ಕಣ್ಣು ಒಂದು ದಿನದಲ್ಲಿ ಬರುವುದಿಲ್ಲ. ಆ ಕಣ್ಣನ್ನು ತಾಯ್ನುಡಿಯಲ್ಲಿ ತೆರೆಸುವುದೇ ಸುಲಭ. ಅದಕ್ಕೆ ಬೇಕಾದ ಸಾಮಗ್ರಿ ನಮ್ಮ ಸುತ್ತಲೇ ಇದೆ.

ಬಿದರಿಯನ್ನೇ ತೆಗೆದುಕೊಳ್ಳಿರಿ. ಮೊದಲ ಪ್ರಶ್ನೆ ತಂತ್ರದ್ದು: ಇದು ಹೇಗಾಯಿತು? ಹೆಚ್ಚು ಪಾಲು ಸತು, ಅತ್ಯಲ್ಪ ತಾಮ್ರ ಬೆರೆಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಮೈಯನ್ನು ನಯಗೊಳಿಸಿ, ಗೀರಿದ ಗೆರೆ ಕಾಣುವಂತೆ ಮೈಲುತುತ್ತದ ನೀರು ಸವರುತ್ತಾರೆ. ಚಾಣದಿಂದ ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಕೊನೆಗೆ ಪಾತ್ರೆಯನ್ನು ಬಿಸಿ ಮಾಡಿ, ಬೀದರ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಉಜ್ಜುತ್ತಾರೆ. ಆ ಲೇಪ ಸತುವಿನ ಮಿಶ್ರಲೋಹವನ್ನು ಕಪ್ಪಾಗಿಸುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. ಕಪ್ಪು ಬಳಿದ ಬಣ್ಣವಲ್ಲ, ಲೋಹದ ಮಾರ್ಪಾಡು. ಇದನ್ನು ತಿಳಿದ ಮಗುವಿಗೆ ತಂತ್ರದ ಪ್ರಶ್ನೆಯನ್ನು ಯಾವ ಭಾಷೆಯಲ್ಲಿ ಕೇಳಿದರೇನು?

ಎರಡನೆಯ ಪ್ರಶ್ನೆ ಇತಿಹಾಸದ್ದು: ಇದು ಇಲ್ಲಿಯೇ ಏಕೆ? 15ನೆಯ ಶತಮಾನದಲ್ಲಿ ಬಹಮನಿ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಬಂತು. ಪರ್ಷಿಯಾದ ವಿದ್ವಾಂಸರೂ ಕುಶಲಕರ್ಮಿಗಳೂ ಇಲ್ಲಿ ನೆಲೆಸಿದರು. 1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನನ ಮದರಸಾದಲ್ಲಿ ಆ ನಂಟಿನ ಬಣ್ಣದ ಹೆಂಚುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಗಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿದ್ದಾರೆ. ಕಪ್ಪಿನ ಮೇಲೆ ಬಿಳುಪು ಹೊಳೆಯುವ ಈ ಅಭಿರುಚಿ ಕಲ್ಲಿನಲ್ಲಿಯೂ ಲೋಹದಲ್ಲಿಯೂ ಒಂದೇ ಎಂಬುದನ್ನು ಎರಡನ್ನೂ ನೋಡಿದ ಮಗು ತಾನಾಗಿ ಕಂಡುಕೊಳ್ಳುತ್ತದೆ.

ಮೂರನೆಯದು ವಿಮರ್ಶೆ. ‘ಚೆನ್ನಾಗಿದೆ’ ಎಂಬುದು ಮೆಚ್ಚುಗೆಯೇ ಹೊರತು ವಿಮರ್ಶೆಯಲ್ಲ. ಏಕೆ ಚೆನ್ನಾಗಿದೆ ಎಂದು ಹೇಳಲು ಮಾತುಗಳು ಬೇಕು. ಕಾಮಸೂತ್ರಕ್ಕೆ ಯಶೋಧರನು ಬರೆದ ವ್ಯಾಖ್ಯಾನವು ಚಿತ್ರದ ಆರು ಅಂಗಗಳನ್ನು ಹೇಳುತ್ತದೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಭಿತ್ತಿಯನ್ನು ಸಿದ್ಧಗೊಳಿಸುವುದು, ವಜ್ರಲೇಪವೆಂಬ ಅಂಟು, ಬಣ್ಣ, ಕುಂಚಗಳನ್ನು ವಿವರಿಸುತ್ತದೆ. ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ. ಜಹೀರಾಬಾದಿನವರಿಗೆ ದೂರದ ಊರೇನಲ್ಲ. ಗ್ರಂಥಗಳು ಸಂಸ್ಕೃತದವಾದರೂ ಈ ಪದಗಳಲ್ಲಿ ಬಹುಪಾಲು ಕನ್ನಡದಲ್ಲಿ ನೆಲೆಸಿವೆ. ನಮ್ಮ ನುಡಿಗೆ ಕಲೆಯ ಮಾತಿಲ್ಲವೆನ್ನುವುದು ತಪ್ಪು.

ಈ ಮಾತುಗಳನ್ನು ಹಳೆಯ ಕ್ಯಾಲೆಂಡರಿನ ದೇವರ ಚಿತ್ರದ ಮೇಲೆಯೇ ಪ್ರಯೋಗಿಸಬಹುದು. 1916ರಲ್ಲಿ ಕಲಬುರಗಿಯಲ್ಲಿ ಜನಿಸಿದ ಎಸ್.ಎಂ. ಪಂಡಿತರು ಮುಂಬೈಯಲ್ಲಿ ಸಿನಿಮಾ ಪೋಸ್ಟರುಗಳನ್ನೂ ಪುರಾಣದ ಚಿತ್ರಗಳನ್ನೂ ರಚಿಸಿ ಹೆಸರಾದರು. ಅವರ ಚಿತ್ರಗಳು ಕ್ಯಾಲೆಂಡರುಗಳ ಮೂಲಕ ಮನೆಮನೆಯ ಗೋಡೆಯನ್ನು ತಲುಪಿದವು. ಬೆಳಕು ಯಾವ ಕಡೆಯಿಂದ ಬಿದ್ದಿದೆ? ದೇವರ ಮೈಕಟ್ಟು ಮನುಷ್ಯನ ಪ್ರಮಾಣದಲ್ಲಿಯೇ ಇದೆಯೇ? ಸಾವಿರಾರು ಪ್ರತಿ ಅಚ್ಚಾದುದರಿಂದ ಚಿತ್ರದ ಬೆಲೆ ಕುಗ್ಗಿತೇ, ಹೆಚ್ಚಿತೇ? ಕೊನೆಯ ಪ್ರಶ್ನೆಗೆ ಒಂದೇ ಸರಿಯುತ್ತರವಿಲ್ಲ. ಕಾರಣ ಕೊಟ್ಟು ಒಂದು ಪಕ್ಷವನ್ನು ಹಿಡಿಯಬಲ್ಲ ಮಗು ವಿಮರ್ಶೆಯ ಮೊದಲ ಮೆಟ್ಟಿಲು ಏರಿದಂತೆಯೇ.

ಪಾಲಕರಲ್ಲಿ ಒಂದು ವಿನಂತಿ. ಮುಂದಿನ ಬಾರಿ ಹೈದರಾಬಾದಿಗೆ ಹೋದಾಗ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದ ಬಿದರಿ ಪಾತ್ರೆಗಳ ಮುಂದೆ ಮಕ್ಕಳನ್ನು ಸ್ವಲ್ಪ ಹೊತ್ತು ನಿಲ್ಲಿಸಿರಿ. ಫಲಕವನ್ನು ಓದಿಸುವ ಮೊದಲು ಮೂರು ಮಾತು ಕೇಳಿರಿ: ಹೇಗೆ ಮಾಡಿದ್ದಾರೆ? ಏಕೆ ಹೀಗೆ ಮಾಡಿದ್ದಾರೆ? ನಿನಗೆ ಏನನ್ನಿಸಿತು, ಏಕೆ? ಉತ್ತರವನ್ನು ಕನ್ನಡದಲ್ಲಿ ಐದು ಸಾಲು ಬರೆಯಿಸಿರಿ. ಅಂಕ ಕೊಡುವ ಅವಸರ ಬೇಡ. ಕಣ್ಣಾರೆ ಕಂಡು ಸ್ವಂತ ಮಾತಿನಲ್ಲಿ ಬರೆದದ್ದನ್ನು ಮಗು ಬೇಗ ಮರೆಯುವುದಿಲ್ಲ. ನಾಳೆ ಪ್ರಶ್ನೆಪತ್ರಿಕೆ ಯಾವ ಭಾಷೆಯಲ್ಲಿ ಬಂದರೂ ಅದು ಕೈಹಿಡಿಯುತ್ತದೆ.