ಕಡಲತೀರದ ವಹಿವಾಟು ಮತ್ತು ಜೀವರಕ್ಷಕರ ನೇಮಕ

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಅದರ ಬೆನ್ನಲ್ಲೇ ಕಡಲತೀರಕ್ಕೆ ಪ್ರವೇಶ ನಿರ್ಬಂಧಿಸಲಾಯಿತು. ವಸತಿಗೃಹ, ಉಪಾಹಾರ ಮಂದಿರ, ದೋಣಿವಿಹಾರಗಳು ವರ್ಷದ ಗಳಿಕೆಗಾಗಿ ನಂಬಿರುವುದು ಇದೇ ತಿಂಗಳನ್ನು. ಹೀಗಿರುವಾಗ ಜೀವರಕ್ಷಣೆಯು ಸರ್ಕಾರದ ಹೊಣೆಯೆಂದು ವರ್ತಕರು ಸುಮ್ಮನಿರುವುದು ಸರಿಯೆನಿಸದು.

ನೀರಿನಲ್ಲಿ ಮುಳುಗಿದವರ ಹೃದಯ ನಿಲ್ಲುವುದು ಆಮ್ಲಜನಕದ ಕೊರತೆಯಿಂದ. ಆದ್ದರಿಂದ ಎದೆಯನ್ನು ಒತ್ತುವುದಷ್ಟೇ ಸಾಲದು, ಬಾಯಿಯ ಮೂಲಕ ಉಸಿರನ್ನೂ ತುಂಬಬೇಕು. ವಯಸ್ಕರಿಗೆ 30 ಒತ್ತುಗಳಿಗೆ 2 ಉಸಿರು ಎಂಬುದು ಸಿಪಿಆರ್‌ನ ರೂಢಿಯ ಲೆಕ್ಕ. ಅಮೆರಿಕದ ಹೃದಯ ಸಂಘವು 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಉಸಿರು ನೀಡುವುದಕ್ಕೆ ಒತ್ತು ಕೊಟ್ಟಿದೆ. ಹೊಟ್ಟೆ ಅದುಮಿ ನೀರು ಕಕ್ಕಿಸುವ ಹಳೆಯ ರೂಢಿ ಇಂದಿಗೂ ಕಾಣಸಿಗುತ್ತದೆ; ಅದರಲ್ಲಿ ಅಮೂಲ್ಯ ನಿಮಿಷಗಳು ಕಳೆದುಹೋಗುತ್ತವೆ. ಆಂಬುಲೆನ್ಸ್ ಬರುವವರೆಗೆ ಸ್ಥಳದಲ್ಲಿರುವವರು ಅಂಗಡಿಯವರು, ದೋಣಿಯವರು. ತರಬೇತಿ ಮೊದಲು ಸಲ್ಲಬೇಕಾದುದು ಅವರಿಗೇ. ಅಭ್ಯಾಸ ತಪ್ಪಿದರೆ ಈ ಕೌಶಲ ಕೆಲವೇ ತಿಂಗಳುಗಳಲ್ಲಿ ಮಾಸುವುದರಿಂದ ಪುನರಭ್ಯಾಸವೂ ಅವಶ್ಯ.

ಈಜು ಬಲ್ಲವರೆಲ್ಲ ಜೀವರಕ್ಷಕರಾಗಲಾರರು. ನೆರೆಯ ಗೋವಾ 2008ರಿಂದ ಖಾಸಗಿ ಸಂಸ್ಥೆಯೊಂದರ ಮೂಲಕ ಸಂಘಟಿತ ಸೇವೆ ನಡೆಸುತ್ತಿದೆ. ಆದರೂ 2019ರಲ್ಲಿ ಅಲ್ಲಿನ ಜೀವರಕ್ಷಕರು ಸರ್ಕಾರಿ ಸೇವೆಗೆ ಸೇರಿಸಿಕೊಳ್ಳುವಂತೆ ಆಗ್ರಹಿಸಿ ಹೋರಾಟಕ್ಕಿಳಿದರು. ಗುತ್ತಿಗೆಯ ಅಭದ್ರತೆಯಲ್ಲಿ ಅನುಭವಿಗಳು ಉಳಿಯುವುದು ಕಷ್ಟ. ಪ್ರವಾಸಿ ಋತುವಿಗೆ ಮಾತ್ರ ಕರೆಸಿ ಮಳೆಗಾಲದಲ್ಲಿ ಬಿಟ್ಟುಬಿಡುವ ಪದ್ಧತಿಯಂತೂ ತರ್ಕಕ್ಕೆ ನಿಲುಕದು; ಕಡಲು ಹೆಚ್ಚು ಉಗ್ರವಾಗಿರುವುದು ಆಗಲೇ. ವಾಹನ ನಿಲುಗಡೆ ಶುಲ್ಕ ಹಾಗೂ ಜಲಕ್ರೀಡೆಯ ಪರವಾನಗಿ ಶುಲ್ಕದ ಒಂದು ಪಾಲನ್ನು ಹನ್ನೆರಡೂ ತಿಂಗಳ ವೇತನ, ವಿಮೆ, ತರಬೇತಿಗಳಿಗೆ ಮೀಸಲಿಡುವಂತೆ ವರ್ತಕರ ಸಂಘಗಳು ಜಿಲ್ಲಾಡಳಿತವನ್ನು ಒತ್ತಾಯಿಸಬಹುದು.